ಮಳೆ, ತೆನೆ ಮತ್ತು ಆರಾಧನೆ: ನಮ್ಮ ಧರ್ಮಕೇಂದ್ರದ ವರ್ಷಚಕ್ರ

ಒಂದು ಧರ್ಮಕೇಂದ್ರದ ಚರಿತ್ರೆಯನ್ನು ಬರೆಯಹೊರಟವರು ಶಿಲಾನ್ಯಾಸದ ದಿನ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಗೋಪುರದ ಎತ್ತರ, ಗಂಟೆಯ ತೂಕ ಮೊದಲಾದವುಗಳಿಂದ ಪ್ರಾರಂಭಿಸುವುದು ವಾಡಿಕೆ. ಈ ಸ್ಮರಣ ಸಂಚಿಕೆಯ ಇತರ ಪುಟಗಳಲ್ಲಿ ಅವೆಲ್ಲವೂ ಯಥಾಯೋಗ್ಯವಾಗಿ ದಾಖಲಾಗಿವೆ. ನಾವು ಇಲ್ಲಿ ನಿವೇದಿಸಬಯಸುವುದು ದಾಖಲೆ ಪುಸ್ತಕಗಳಲ್ಲಿ ಅಷ್ಟಾಗಿ ಕಾಣಸಿಗದ ಇನ್ನೊಂದು ಚರಿತ್ರೆಯನ್ನು. ವರ್ಷದ ಹನ್ನೆರಡು ತಿಂಗಳೂ ನಮ್ಮ ಪೂರ್ವಜರು ಯಾವ ಕಾಲದಲ್ಲಿ ಏನನ್ನು ಬಿತ್ತಿದರು, ಯಾವಾಗ ಹಸಿದರು, ಯಾವಾಗ ಮೊಣಕಾಲೂರಿದರು, ಯಾವಾಗ ಹಾಡಿದರು ಎಂಬುದೇ ಆ ಚರಿತ್ರೆ. ನಮ್ಮ ಜನರ ಪ್ರಾರ್ಥನೆಯ ಭಾಷೆ ಕೊಂಕಣಿ, ಗದ್ದೆಯ ಭಾಷೆ ತುಳು, ಶಾಲೆಯ ಭಾಷೆ ಕನ್ನಡ. ನಮ್ಮ ಸಂತೋಷದಲ್ಲಿ ಸದಾ ಪಾಲುಗೊಂಡಿರುವ ನೆರೆಹೊರೆಯ ಸೋದರರೂ ಓದಲೆಂದು ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ.

ಹೊಳೆಯಾಚೆಯ ಇಗರ್ಜಿ

ಕರಾವಳಿಯ ಕಥೋಲಿಕರಲ್ಲಿ ಬಹುಪಾಲು ಜನರ ಮೂಲ ಗೋವೆ. 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಯುದ್ಧ, ಕ್ಷಾಮ, ತೆರಿಗೆಯ ಭಾರ ಮುಂತಾದ ಕಾರಣಗಳಿಂದ ಅವರು ತಂಡ ತಂಡವಾಗಿ ದಕ್ಷಿಣಕ್ಕೆ ಬಂದರು. ಅಂದು ಈ ಪ್ರಾಂತವನ್ನು ಆಳುತ್ತಿದ್ದ ಕೆಳದಿಯ ನಾಯಕರು ಇವರನ್ನು ಒಳ್ಳೆಯ ಬೇಸಾಯಗಾರರೆಂದು ಬರಮಾಡಿಕೊಂಡರು. ಅಂದರೆ ನಮ್ಮವರು ಈ ಮಣ್ಣಿಗೆ ಬಂದದ್ದು ಪರದೇಶಿಗಳಾಗಿ; ಇಲ್ಲಿ ನೆಲೆಯೂರಿದ್ದು ನೇಗಿಲಿನ ಬಲದಿಂದ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು. 1799ರಲ್ಲಿ ಬಿಡುಗಡೆ ಹೊಂದಿ ಹಿಂದಿರುಗಿದವರು ಬರಿಗೈಯಲ್ಲಿ ಮತ್ತೆ ನೇಗಿಲನ್ನೇ ಹಿಡಿದರು. ಹಲವರು ಧಣಿಗಳ ಒಕ್ಕಲಾಗಿ, ಗೇಣಿಗೆ ಗದ್ದೆ ಪಡೆದು, ವರ್ಷಕ್ಕಿಷ್ಟು ಮುಡಿ ಅಕ್ಕಿಯನ್ನು ಅಳೆದುಕೊಟ್ಟು ಬಾಳಿದರು.

ನೂರು ವರ್ಷಗಳ ಹಿಂದೆ ಈ ಊರಿನ ಕ್ರೈಸ್ತರು ಪೂಜೆಗಾಗಿ ಹೊಳೆಯಾಚೆಯ ತಾಯಿ ಇಗರ್ಜಿಗೆ ನಡೆದುಹೋಗಬೇಕಿತ್ತು. ಬೇಸಗೆಯಲ್ಲಿ ಅದು ಕಷ್ಟವೇನಲ್ಲ. ಆದರೆ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೊಳೆ ಉಕ್ಕಿ ಹರಿಯುವಾಗ ದೋಣಿಯೂ ದಾಟದು, ಸಂಕವೂ ನಿಲ್ಲದು. ಹುಟ್ಟಿದ ಕೂಸಿಗೆ ಸ್ನಾನದೀಕ್ಷೆ ತಡವಾಗುತ್ತಿತ್ತು. ಸಾಯುವವರಿಗೆ ಅಂತ್ಯಾಭ್ಯಂಗ ದೊರೆಯುತ್ತಿರಲಿಲ್ಲ. ಸತ್ತವರನ್ನು ಹೊತ್ತುಕೊಂಡು ನೆರೆ ಇಳಿಯುವವರೆಗೆ ದಡದಲ್ಲಿ ಕಾಯಬೇಕಾಗುತ್ತಿತ್ತು. ಈ ಸಂಕಟವನ್ನೇ ನಮ್ಮ ಹಿರಿಯರು ಧರ್ಮಾಧ್ಯಕ್ಷರ ಮುಂದೆ ತೋಡಿಕೊಂಡರು. ಆದುದರಿಂದ ನಮ್ಮ ಇಗರ್ಜಿಯನ್ನು ಕಟ್ಟಿಸಿದ್ದು ಮಳೆ ಎಂದರೆ ಉತ್ಪ್ರೇಕ್ಷೆಯಾಗದು. ಅಂದು ನಾವು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದೆವು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದಂದಿನಿಂದ ಅದರ ಅಂಗವಾಗಿದ್ದೇವೆ. ಧರ್ಮಪ್ರಾಂತ್ಯ ಬದಲಾಯಿತು, ಹೊಳೆಗೆ ಸೇತುವೆ ಬಂತು. ಮಳೆ ಮಾತ್ರ ಅದೇ ಮಳೆ.

ಎರಡು ಪಂಚಾಂಗಗಳು

ಧರ್ಮಸಭೆಯ ಆರಾಧನಾ ವರ್ಷ ರೂಪುಗೊಂಡದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಜೂನ್, ಜುಲೈ, ಆಗಸ್ಟ್ ಒಣ ತಿಂಗಳುಗಳು. ನಮ್ಮಲ್ಲಿಯಾದರೋ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಭಾಗ ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಗದ್ದೆಗೆ ಮೂರು ಬೆಳೆ: ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ನೀರಿದ್ದವರಿಗೆ ಮಾತ್ರ ಬೇಸಗೆಯ ಕೊಳಕೆ. ರೋಮಿನ ಪಂಚಾಂಗವನ್ನೂ ಮಳೆಯ ಪಂಚಾಂಗವನ್ನೂ ಏಕಕಾಲದಲ್ಲಿ ಪಾಲಿಸಬೇಕಾದ ಜನ ಏನು ಮಾಡಿದರು? ಒಂದನ್ನು ಕೈಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ಎರಡನ್ನೂ ಜಡೆಯಂತೆ ಹೆಣೆದರು.

ಇದಕ್ಕೆ ಎಲ್ಲರಿಗೂ ತಿಳಿದ ನಿದರ್ಶನವೊಂದಿದೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಪುಣ್ಯಕ್ಷೇತ್ರ. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಈ ಸಂತರ ಹಬ್ಬ ಆಗಸ್ಟ್ 10ರಂದು. ಆದರೆ ಲಕ್ಷಾಂತರ ಭಕ್ತರು ಜಾತಿಮತಗಳ ಭೇದವಿಲ್ಲದೆ ನೆರೆಯುವ ಅತ್ತೂರಿನ ವಾರ್ಷಿಕ ಮಹೋತ್ಸವ, ಸಾಂತ್ ಮಾರಿ, ನಡೆಯುವುದು ಜನವರಿ ಕೊನೆಯಲ್ಲಿ. ಆಗಸ್ಟ್‌ನ ಜಡಿಮಳೆಯಲ್ಲಿ ಆ ಜನಸಾಗರ ಎಲ್ಲಿ ನಿಂತೀತು? ಹಾಗೆಯೇ 1264ರಲ್ಲಿ ಜಗದ್ಗುರು ನಾಲ್ಕನೆಯ ಊರ್ಬಾನರು ಸರ್ವಸಭೆಗೆ ವಿಧಿಸಿದ ಪರಮ ಪ್ರಸಾದದ ಹಬ್ಬ ಬರುವುದು ಮೇ ಕೊನೆ ಅಥವಾ ಜೂನ್ ತಿಂಗಳಲ್ಲಿ. ಬೀದಿಯಲ್ಲಿ ಪರಮ ಪ್ರಸಾದದ ಮೆರವಣಿಗೆ ಹೊರಡಬೇಕಾದ ಹಬ್ಬ ಅದು. ಮಂಗಳೂರಿನಲ್ಲಿ ಆ ಮೆರವಣಿಗೆ ಮಿಲಾಗ್ರಿಸ್ ಇಗರ್ಜಿಯಿಂದ ರೊಜಾರಿಯೊ ಪ್ರಧಾನಾಲಯಕ್ಕೆ ಹೊರಡುವುದು ಜನವರಿಯ ಆರಂಭದಲ್ಲಿ. ನಮ್ಮಂಥ ಹಳ್ಳಿಗಳಲ್ಲಿ ವಾರ್ಷಿಕ ಹಬ್ಬಕ್ಕೆ ಮುಂಚಿನ ಭ್ರಾತೃತ್ವದ ಭಾನುವಾರದಂದು, ಏಣೆಲು ಕೊಯ್ದ ಗದ್ದೆಯ ಹುಣಿಯ ಮೇಲೆ ಅದು ಸಾಗುತ್ತದೆ. ನಮ್ಮ ತುಳುವ ಸೋದರರು ಮೇ ತಿಂಗಳ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಕೋಲ, ನೇಮ, ಯಕ್ಷಗಾನಗಳಿಗೆ ಮಂಗಳ ಹಾಡುವರಷ್ಟೆ. ನಮ್ಮ ತೆರೆದ ಬಯಲಿನ ಉತ್ಸವಗಳೂ ಅದೇ ಹೊತ್ತಿಗೆ ಮುಗಿದಿರುತ್ತಿದ್ದವು. ಈ ಮಣ್ಣಿನ ನಿಯಮ ಇಬ್ಬರಿಗೂ ಒಂದೇ.

ಬಿತ್ತನೆಯ ಪ್ರಾರ್ಥನೆ

ಕೆಲವು ಕಡೆ ಹಬ್ಬವನ್ನು ಸರಿಸಬೇಕಾಯಿತು. ಇನ್ನು ಕೆಲವು ಕಡೆ ರೋಮಿನ ಪಂಚಾಂಗವೇ ತಾನಾಗಿ ನಮ್ಮ ಗದ್ದೆಗೆ ಇಳಿದು ಬಂದಂತಿತ್ತು. ಗುರುಮಠದಲ್ಲಿ ನಾವು ಆರಾಧನಾ ಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾಗ, ಹಳೆಯ ಲತೀನ್ ಪೂಜಾಗ್ರಂಥದಲ್ಲಿದ್ದ 'ಬೇಡಿಕೆಯ ದಿನ'ಗಳ ಅರಿವಾಯಿತು. ಕ್ರಿ.ಶ. 470ರ ಸುಮಾರಿಗೆ ಫ್ರಾನ್ಸಿನ ವಿಯೆನ್ ನಗರದ ಧರ್ಮಾಧ್ಯಕ್ಷ ಸಂತ ಮಮೆರ್ತುಸರು, ಪ್ರಭುವಿನ ಸ್ವರ್ಗಾರೋಹಣಕ್ಕೆ ಮುಂಚಿನ ಮೂರು ದಿನ ಉಪವಾಸವಿದ್ದು, ಸಕಲ ಸಂತರ ಪ್ರಾರ್ಥನಾಮಾಲೆಯನ್ನು ಹಾಡುತ್ತ ಮೆರವಣಿಗೆ ಹೋಗುವ ಕ್ರಮವನ್ನು ಏರ್ಪಡಿಸಿದರು. ಬೆಳೆಯ ರಕ್ಷಣೆಗಾಗಿ ಬೇಡುವ ದಿನಗಳೆಂದು ಅವು ಪಶ್ಚಿಮದ ಸಭೆಯಲ್ಲೆಲ್ಲ ಹಬ್ಬಿದವು. ಪಾಸ್ಕ ಹಬ್ಬದ ಏರುಪೇರಿಗೆ ತಕ್ಕಂತೆ ಈ ದಿನಗಳು ಏಪ್ರಿಲ್ ಕೊನೆಯಿಂದ ಜೂನ್ ಆರಂಭದೊಳಗೆ ಬೀಳುತ್ತವೆ. ನಮ್ಮ ಕರಾವಳಿಯಲ್ಲಿ ಆಕಾಶವನ್ನು ನೋಡುತ್ತ ಗದ್ದೆಗೆ ಗೊಬ್ಬರ ಹೊತ್ತು, ನೇಜಿ ಹಾಕಲು ಬೀಜ ನೆನೆಸುವ ಕಾಲವೂ ಅದೇ. ಇದರ ನಡುವೆ ಮೇ 15ರಂದು ಸ್ಪೇನಿನ ಬೇಸಾಯಗಾರ ಸಂತ ಇಸಿದೋರರ ಹಬ್ಬ. 1622ರಲ್ಲಿ ಗೋವೆಯ ಪ್ರೇಷಿತ ಸಂತ ಫ್ರಾನ್ಸಿಸ್ ಕ್ಸೇವಿಯರರೊಡನೆ ಒಂದೇ ದಿನ ಸಂತಪದವಿಗೇರಿದವರು ಇವರು. ಪರರ ಹೊಲದಲ್ಲಿ ಉತ್ತು ಬಾಳಿದ ಆ ಆಳು ನಮ್ಮ ಒಕ್ಕಲುಗಳಿಗೆ ಎಷ್ಟು ಹತ್ತಿರದವರು!

1969ರಲ್ಲಿ ಪಂಚಾಂಗವು ಪರಿಷ್ಕೃತವಾದಾಗ ಬೇಡಿಕೆಯ ದಿನಗಳನ್ನು ರದ್ದುಗೊಳಿಸಲಿಲ್ಲ. ಆಯಾ ನಾಡಿನ ಋತುಮಾನಕ್ಕೂ ಜನರ ಅಗತ್ಯಕ್ಕೂ ತಕ್ಕಂತೆ ಅವುಗಳನ್ನು ಗೊತ್ತುಮಾಡಿಕೊಳ್ಳುವ ಹೊಣೆಯನ್ನು ಧರ್ಮಾಧ್ಯಕ್ಷರ ಮಂಡಳಿಗಳಿಗೆ ಬಿಡಲಾಯಿತು. ಬಾಗಿಲು ಮುಚ್ಚಿಲ್ಲ, ಬೀಗದ ಕೈ ನಮ್ಮ ನಾಡಿನ ಸಭೆಯ ಬಳಿಯಲ್ಲೇ ಇದೆ ಎಂಬುದನ್ನು ವಾಚಕರು ಗಮನಿಸಬೇಕು.

ನೇಜಿ ನೆಟ್ಟು ಮುಗಿದ ಮೇಲೆ ಬರುವುದು ಆಟಿ ತಿಂಗಳು. ಹಳೆಯ ಅಕ್ಕಿ ತಳಮುಟ್ಟಿದೆ, ಹೊಸದು ಇನ್ನೂ ಗದ್ದೆಯಲ್ಲಿದೆ. ಕಡಲಿಗೆ ದೋಣಿ ಇಳಿಯದು. ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೆಸುವಿನ ಎಲೆ, ಒಣಮೀನು, ತೆಳು ಗಂಜಿ: ಇವೇ ಮನೆಮಂದಿಯ ಆಹಾರ. ಧರ್ಮಸಭೆ ವಿಧಿಸಿದ ತಪಸ್ಸುಕಾಲ ಬೇಸಗೆಯಲ್ಲಾದರೆ, ದಾರಿದ್ರ್ಯ ವಿಧಿಸಿದ ಎರಡನೆಯ ತಪಸ್ಸುಕಾಲ ಆಟಿಯಲ್ಲಿ. ತೇರ್ಸ್ ಎಂದು ಕೊಂಕಣಿಯಲ್ಲಿ ಕರೆಯುವ ಜಪಸರವನ್ನು ಸಂಜೆಯ ದೀಪದ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿ ಹೇಳುತ್ತಿದ್ದ ಪದ್ಧತಿ ಬೇರುಬಿಟ್ಟದ್ದು ಇಂಥ ಇರುಳುಗಳಲ್ಲಿಯೇ. ಆಗಸ್ಟ್ 15ರಂದು ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ ಬರುವ ಹೊತ್ತಿಗೆ ಆಟಿಯ ಕೊನೆ ಸಮೀಪಿಸಿ ಪೈರಿನಲ್ಲಿ ಹೊಡೆ ಕಾಣುತ್ತಿತ್ತು.

ತೆನೆ ಹಬ್ಬ

ಈ ಹಿನ್ನೆಲೆಯನ್ನರಿಯದೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಸಂಭ್ರಮವನ್ನು ಅರಿಯಲಾಗದು. ಮಾತೆ ಮರಿಯಮ್ಮನವರ ಜನನದ ಹಬ್ಬ ಪೂರ್ವದ ಸಭೆಯಲ್ಲಿ ಹುಟ್ಟಿ ರೋಮಿಗೆ ಬಂತು. 687ರಿಂದ 701ರವರೆಗೆ ಜಗದ್ಗುರುವಾಗಿದ್ದ ಒಂದನೆಯ ಸೆರ್ಜಿಯುಸರು ಆ ದಿನ ಮೆರವಣಿಗೆ ನಡೆಸುವಂತೆ ವಿಧಿಸಿದರು. ಅದಕ್ಕೆ ತೆನೆ ಸೇರಿದ್ದು ನಮ್ಮ ನಾಡಿನಲ್ಲಿ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಎಂಬ ಹೆಸರಿನ ಗುಡ್ಡದ ಇಗರ್ಜಿಯಲ್ಲಿ, 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದರು ಇದನ್ನು ಪ್ರಾರಂಭಿಸಿದರೆಂಬುದು ಪರಂಪರೆಯಿಂದ ಬಂದ ಹೇಳಿಕೆ. ಮೊಂತಿ ಎಂಬ ಹೆಸರಿಗೂ ಆ ಗುಡ್ಡವೇ ಮೂಲ. ಗೋವೆಯ ಊರುಗಳಲ್ಲಿ ಆಗಸ್ಟ್ ತಿಂಗಳಲ್ಲಿಯೇ ಇಂಥ ತೆನೆಯ ಹಬ್ಬ ನಡೆಯುತ್ತದೆ. ತುಳುವರೂ ಹೊಸ ತೆನೆಯನ್ನು ಮನೆಗೆ ತಂದು ಕಂಬಕ್ಕೂ ನೇಗಿಲಿಗೂ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಒಂದೇ ಗದ್ದೆಯಲ್ಲಿ ದುಡಿಯುವವರ ಕೃತಜ್ಞತೆಯು ರೂಪದಲ್ಲಿ ಬೇರೆಯಾದರೂ ಬೇರಿನಲ್ಲಿ ಒಂದೇ ಆಗಿರುವುದು ಸಹಜ.

ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂವು ತಂದು ಬಾಲಮಾತೆಯ ಪ್ರತಿಮೆಗೆ ಎರಚುತ್ತಾರೆ. ಮಳೆಯಲ್ಲಿ ಅರಳುವ ಯಾವ ಕಾಡುಹೂವೂ ಈ ತಟ್ಟೆಗೆ ಸಲ್ಲುತ್ತದೆ. ಹಬ್ಬದ ದಿನ ಗುರುಗಳು ತೆನೆಗಳನ್ನು ಆಶೀರ್ವದಿಸುತ್ತಾರೆ. ಮೆರವಣಿಗೆ ಮುಗಿದು ಪೂಜೆಯಾದ ಮೇಲೆ ಮನೆಗೊಂದು ಪಾಲು ತೆನೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಹಿರಿಯರು ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥಿಸಿ ಎಲ್ಲರೂ ಅದನ್ನು ಸೇವಿಸುತ್ತಾರೆ. ಬಳಿಕ ಬಾಳೆಲೆಯ ಮೇಲೆ ಮೂರೋ ಐದೋ ಏಳೋ, ಬೆಸಸಂಖ್ಯೆಯ ಪಲ್ಯಗಳ ಶುದ್ಧ ಸಸ್ಯಾಹಾರದ ಊಟ. ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿಗೆ ನಾಲ್ಕು ಕಾಳನ್ನು ಕಾಗದದ ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸಿದ ತಾಯಂದಿರು ನಮ್ಮಲ್ಲಿ ಅದೆಷ್ಟೋ! ಆ ನಾಲ್ಕು ಕಾಳುಗಳ ಹಿಂದೆ ಆಟಿಯ ಹಸಿವು ಇತ್ತು. ಇನ್ನು ಬದುಕಿಕೊಂಡೆವು ಎಂಬ ನಿಟ್ಟುಸಿರಿತ್ತು.

ಕೊಯ್ಲಿನಿಂದ ಪಾಸ್ಕದವರೆಗೆ

ಏಣೆಲು ಮನೆ ಸೇರಿದ ಮೇಲೆ ವರ್ಷದ ಮುಖವೇ ಬದಲಾಗುತ್ತಿತ್ತು. ನವೆಂಬರ್ 2ರ ಮೃತರ ದಿನಕ್ಕೆ ಮುಂಚೆ, ಮಳೆಗಾಲದಲ್ಲಿ ಎದೆಯುದ್ದ ಬೆಳೆದ ಸ್ಮಶಾನದ ಹುಲ್ಲನ್ನು ವಾಡೆಯವರು ಸರದಿಯಂತೆ ಕೊಯ್ಯುತ್ತಿದ್ದರು. ಡಿಸೆಂಬರಿನ ಚಳಿಯಲ್ಲಿ ಹೊಸ ಅಕ್ಕಿ ಕುಟ್ಟಿದ ಹಿಟ್ಟಿನಿಂದ ಕುಸ್ವಾರ್ ಸಿದ್ಧವಾಗಿ, ಕ್ರಿಸ್ತಜಯಂತಿಯ ಮರುದಿನ ನೆರೆಮನೆಗಳಿಗೆ ಹೋಗುತ್ತಿತ್ತು. ಆಗಮನಕಾಲದಲ್ಲಿಯೂ ತಪಸ್ಸುಕಾಲದಲ್ಲಿಯೂ ವಿವಾಹಗಳಿಲ್ಲವಾದ ಕಾರಣ, ಧಾನ್ಯವೂ ಬಿಡುವೂ ಇರುವ ಜನವರಿಯಲ್ಲಿ ಮದುವೆಗಳ ಸಾಲು. ಉಳಿದವು ಪಾಸ್ಕದ ನಂತರ, ಮಳೆಗೆ ಮುಂಚೆ. ನಡುವೆ ತಪಸ್ಸುಕಾಲ: ಸುಗ್ಗಿ ಕೊಯ್ದು ಬಿರುಕುಬಿಟ್ಟ ಗದ್ದೆಗಳನ್ನು ದಾಟಿ ಶಿಲುಬೆಯ ಹಾದಿಗೆ ನಡೆದುಬರುವ ಜನ. ಪಾಸ್ಕ ಜಾಗರಣೆಯಲ್ಲಿ ನೀರನ್ನು ಆಶೀರ್ವದಿಸುವಾಗ, ಊರಿನ ಬಾವಿಗಳೆಲ್ಲ ತಳ ಕಂಡಿರುತ್ತಿದ್ದವು. ನೀರಿನ ಮೌಲ್ಯವನ್ನು ಆ ಜನಕ್ಕೆ ಪ್ರವಚನದಲ್ಲಿ ವಿವರಿಸಬೇಕಾಗಿರಲಿಲ್ಲ.

ಹಡಿಲು ಬಿದ್ದ ಗದ್ದೆಗಳು

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ನಮ್ಮ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಗದ್ದೆಯ ಒಡೆಯರಾದರು. ಅದೇ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳ ಬಾಗಿಲೂ ತೆರೆಯಿತು. ಆಟಿಯ ಹಸಿವು ಮನೆಗಳಿಂದ ತೊಲಗಿತು, ಮಕ್ಕಳು ಓದಿದರು, ಅವರ ದುಡಿಮೆಯಿಂದಲೇ ಇಗರ್ಜಿಯ ಈಗಿನ ಕಟ್ಟಡ ಎದ್ದುನಿಂತಿತು. ಹಿಂದಿನ ಬಡತನ ಮರಳಿ ಬರಲೆಂದು ನಾವು ಎಂದಿಗೂ ಪ್ರಾರ್ಥಿಸಲಾರೆವು. ಆದರೆ ಒಡೆತನ ಬಂದ ಒಂದೆರಡು ತಲೆಮಾರಿನಲ್ಲಿಯೇ ಗದ್ದೆಗಳು ಅಡಿಕೆ ತೋಟಗಳಾದವು, ನಿವೇಶನಗಳಾದವು. ಉಳಿದವು ಹಡಿಲು ಬಿದ್ದವು. ಮೊಂತಿ ಹಬ್ಬಕ್ಕೆ ಇಂದು ತೆನೆಯನ್ನು ದೂರದ ಗದ್ದೆಗಳಿಂದ ಕೇಳಿ ತರಬೇಕಾಗಿದೆ. ಪ್ರಥಮ ಫಲದ ಅರ್ಪಣೆ ಎಂದರೆ ತಾನು ಬೆವರು ಸುರಿಸಿ, ಬಂದೀತೋ ಬಾರದೋ ಎಂದು ಅಂಜಿ, ಕೊನೆಗೆ ಕೈಗೆ ಬಂದುದನ್ನು ಕೊಟ್ಟವನಿಗೆ ಮರಳಿಸುವುದು. ಕೊಂಡು ತಂದ ತೆನೆಯಲ್ಲಿ ಆ ಅಂಜಿಕೆಯೂ ಇಲ್ಲ, ಆ ನಿಟ್ಟುಸಿರೂ ಇಲ್ಲ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಮುಂದಿರುವ ಪ್ರಶ್ನೆ ಇದು: ತೆನೆ ಬರಿಯ ಅಲಂಕಾರವಾಗಬೇಕೆ, ಅರ್ಪಣೆಯಾಗಿ ಉಳಿಯಬೇಕೆ?

ಆದುದರಿಂದ ಶತಮಾನೋತ್ಸವದ ನೆನಪಿಗೆ ಕಲ್ಲಿನ ಸ್ಮಾರಕಕ್ಕಿಂತ ಮಣ್ಣಿನ ಸ್ಮಾರಕವೊಂದನ್ನು ನಾವು ಸೂಚಿಸುತ್ತೇವೆ. ಇಗರ್ಜಿಯ ಹಿಂಬದಿಯ ಹಡಿಲು ಗದ್ದೆಯನ್ನು ಪ್ರತಿವರ್ಷ ಏಣೆಲಿಗೆ ಸಾಗುವಳಿ ಮಾಡೋಣ. ಬಿತ್ತುವ ಮುನ್ನ, ಮೇ ತಿಂಗಳ ಒಂದು ಸಂಜೆ, ಹಿಂದಿನ ಬೇಡಿಕೆಯ ದಿನಗಳಂತೆ ಆ ಗದ್ದೆಗೆ ಮೆರವಣಿಗೆ ಹೋಗಿ ಪ್ರಾರ್ಥಿಸೋಣ. ಧರ್ಮೋಪದೇಶದ ತರಗತಿಯ ಮಕ್ಕಳು ನೇಜಿ ನೆಡಲಿ. ಆ ತೆನೆಯೇ ಪೂಜಾಪೀಠಕ್ಕೆ ಬರಲಿ.

ಇನ್ನೊಂದು ಮಾತು. ಇಂದು ನಮ್ಮ ಊರಿನ ತೋಟಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವವರು ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಜಾರ್ಖಂಡಿನಿಂದ ಬಂದವರು. ಅವರಲ್ಲಿ ಕೆಲವರು ಭಾನುವಾರದ ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ, ಪ್ರಥಮ ಫಲದ ಬುಟ್ಟಿಯನ್ನು ತರುವ ಇಸ್ರಯೇಲನು ತನ್ನ ಮೂಲಪುರುಷನು ಅಲೆಮಾರಿಯಾಗಿದ್ದನೆಂದು ಮೊದಲು ಅರಿಕೆ ಮಾಡಬೇಕು. ಅನಂತರ ತನ್ನ ನಡುವೆ ವಾಸಿಸುವ ಪರದೇಶಿಯೊಡನೆ ಸಂತೋಷಪಡಬೇಕು. ನಮ್ಮ ಪೂರ್ವಜರೂ ಒಂದು ಕಾಲದಲ್ಲಿ ಹಾಗೆಯೇ ಗಂಟುಮೂಟೆ ಹೊತ್ತು ಬಂದು, ಇನ್ನೊಬ್ಬರ ಗದ್ದೆಯಲ್ಲಿ ದುಡಿದವರಲ್ಲವೆ? ಬರುವ ಮೊಂತಿ ಹಬ್ಬದಂದು ತೆನೆಯ ಪಾಲು ಅವರ ಬಿಡಾರಗಳಿಗೂ ಹೋಗಲಿ. ಪ್ರತಿ ಮನೆಯಲ್ಲಿಯೂ ಒಂದು ಬಾಳೆಲೆಯನ್ನು ಅವರಿಗೆಂದು ಹೆಚ್ಚಾಗಿ ಹಾಸೋಣ.

ನೂರು ಮಳೆಗಾಲಗಳನ್ನು ದಾಟಿಸಿದ ದೇವರಿಗೆ ಸ್ತೋತ್ರ. ಬಿತ್ತುವವರನ್ನೂ ಕೊಯ್ಯುವವರನ್ನೂ ಮಾತೆ ಮರಿಯಮ್ಮನವರು ಕಾಯಲಿ.