ಹಲ್ಲು ಮೂಡುವ ಹೊತ್ತು, ಡಾಕ್ಟರು ಬರುವ ಹೊತ್ತು: ಬಾಗಲಕೋಟೆ ಸೀಮೆಯಲ್ಲಿ ಮಕ್ಕಳ ದಂತಾರೋಗ್ಯದ ಚರಿತ್ರೆ

ಆರನೇ ತಿಂಗಳ ಆಸುಪಾಸಿನಲ್ಲಿ ಕೂಸಿನ ಕೆಳದವಡೆಯಲ್ಲಿ ಮೊದಲ ಹಲ್ಲು ಮೊಳೆಯುತ್ತದೆ. ಎರಡೂವರೆ ವರ್ಷಕ್ಕೆ ಇಪ್ಪತ್ತೂ ಹಾಲುಹಲ್ಲು ತುಂಬುತ್ತವೆ. ಆರನೇ ವರ್ಷಕ್ಕೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಳ್ಳಿಯ ಮಗುವಿನ ಬಾಯಿಗೆ ದಂತವೈದ್ಯರ ಟಾರ್ಚು ಬೀಳುವುದು ಸಾಮಾನ್ಯವಾಗಿ ಇದೆಲ್ಲ ಮುಗಿದ ಮೇಲೆ, ಶಾಲೆಯಲ್ಲಿ ತಪಾಸಣಾ ಶಿಬಿರ ನಡೆದಾಗ. ಈ ತಡವೇ ಇಲ್ಲಿನ ಮಕ್ಕಳ ದಂತಾರೋಗ್ಯ ಚರಿತ್ರೆಯ ಮುಖ್ಯ ಸಂಗತಿ ಎಂಬುದು ಈ ಲೇಖನದ ವಾದ.

ತಡದ ಬೇರು ಮನೆಯಲ್ಲೂ ಇದೆ. ಬಿದ್ದ ಹಾಲುಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ರೂಢಿ ಕರ್ನಾಟಕದ ಅನೇಕ ಕಡೆ ಇದೆ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುವವರಿದ್ದಾರೆ. ಹಲ್ಲು ಬರುವುದನ್ನೂ ಬೀಳುವುದನ್ನೂ ಇಷ್ಟು ಆಸ್ಥೆಯಿಂದ ಗಮನಿಸಿದ ಸಮಾಜ, ನಡುವಿನ ಆರು ವರ್ಷ ಅದು ಹುಳುಕಾಗುವುದನ್ನು ಮಾತ್ರ ದೊಡ್ಡ ವಿಷಯ ಮಾಡಲಿಲ್ಲ. ‘ಹೆಂಗೂ ಬೀಳೂ ಹಲ್ಲು’ ಎಂಬ ಸಮಾಧಾನ ಇವತ್ತಿಗೂ ಕೇಳಿಬರುತ್ತದೆ. ಹಾಲುಹಲ್ಲು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲುಗಳು ವಾಲಿ, ಮುಂದೆ ಬರುವ ಹಲ್ಲಿಗೆ ಜಾಗವಿಲ್ಲದೆ ಸೊಟ್ಟಗಾಗುತ್ತದೆ. ನೋವಿಗೆ ಅಗಿಯಲಾರದ ಮಗು ಊಟ ಬಿಡುತ್ತದೆ.

ಮನೆಯವರನ್ನೇ ದೂರಿದರೆ ಅನ್ಯಾಯವಾದೀತು, ಸರ್ಕಾರಿ ವ್ಯವಸ್ಥೆಯೂ ಹೀಗೆಯೇ ಯೋಚಿಸಿತು. ಈ ತಾಲ್ಲೂಕುಗಳು 1956ರವರೆಗೆ ಮುಂಬಯಿ ಆಡಳಿತದ ವಿಜಾಪುರ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ 1909ರಲ್ಲಿ ಬರೋಡಾ ನಗರದಲ್ಲಿ ಶುರುವಾಯಿತು. ಮಗುವಿನ ಆರೋಗ್ಯ ನೋಡಬೇಕಾದ ಜಾಗ ಶಾಲೆ ಎಂಬ ಆ ಹಳೆಯ ಮಾದರಿಯೇ ಮುಂದೆಯೂ ಗಟ್ಟಿಯಾಗಿ ನಿಂತಿತು. ಶಾಲೆಗೆ ಬರುವ ಮುಂಚಿನ ಮಗುವಿಗೆ ಒಂದು ಸರ್ಕಾರಿ ಬಾಗಿಲು ತೆರೆದದ್ದು 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ, ಅಂದರೆ ಅಂಗನವಾಡಿಯಿಂದ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂದದ್ದು 1985ರಲ್ಲಿ. ತೂಕ, ಎತ್ತರ, ಲಸಿಕೆ, ಪೌಷ್ಟಿಕ ಆಹಾರ ಇವೆಲ್ಲ ಈ ಎರಡು ಯೋಜನೆಗಳ ದಾಖಲೆ ಪುಸ್ತಕ ಸೇರಿದವು. ಹಲ್ಲಿಗೆ ಅಂಥ ಸ್ಥಾನ ಸಿಗಲಿಲ್ಲ.

ಹುನಗುಂದ-ಇಳಕಲ್ ಭಾಗದಲ್ಲಿ ಈ ಮರೆವಿಗೆ ತೆತ್ತ ಬೆಲೆ ಹೆಚ್ಚು. ಇಳಕಲ್ಲಿನ ಕೆಂಪು ಗ್ರಾನೈಟು ಅಲ್ಲಿನ ಸೀರೆಯಷ್ಟೇ ಹೆಸರುವಾಸಿ. ಅಂಥ ಕಲ್ಲಿನ ಸಂದುಗಳಲ್ಲಿ ನಿಂತ ನೀರಿಗೆ ಕಲ್ಲಿನೊಳಗಿನ ಖನಿಜಗಳಿಂದ ಫ್ಲೋರೈಡು ಇಳಿಯುತ್ತದೆ. ಬಾದಾಮಿಯ ಗುಡ್ಡಗಳದು ಮರಳುಗಲ್ಲು, ಅದರ ಗುಣ ಬೇರೆ. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಊರಿಂದ ಊರಿಗೆ, ಬೋರಿಂದ ಬೋರಿಗೆ ಫ್ಲೋರೈಡಿನ ಪ್ರಮಾಣ ಬದಲಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಬೋರು ಬಂದ ಕಥೆಯನ್ನೂ ಇಲ್ಲಿ ನೆನೆಯಬೇಕು. 1972ರ ಬರ ವಿಜಾಪುರ ಜಿಲ್ಲೆಯನ್ನು ಹಣ್ಣುಗಾಯಿ ಮಾಡಿತು. ಅದೇ ದಶಕದಲ್ಲಿ, ಪಕ್ಕದ ಸೋಲಾಪುರದಲ್ಲಿ ರೂಪುಗೊಂಡ ಕೈಪಂಪನ್ನು ತಿದ್ದಿ ‘ಇಂಡಿಯಾ ಮಾರ್ಕ್-2’ ಪಂಪು ತಯಾರಾಯಿತು. ಅದು ದೇಶದ ಊರೂರಿಗೂ ಹೋಯಿತು. ತೆರೆದ ಬಾವಿಯ ಹೊಲಸು ನೀರಿನಿಂದ ಬರುತ್ತಿದ್ದ ವಾಂತಿಭೇದಿಗೆ ಇದು ನಿಜವಾದ ಪರಿಹಾರವೇ ಆಗಿತ್ತು, ಕೊಳವೆಬಾವಿ ತೋಡಿದವರನ್ನು ಹಳಿಯುವಂತಿಲ್ಲ. ಆದರೆ ಆಳದ ನೀರಿನೊಂದಿಗೆ ಆಳದ ಫ್ಲೋರೈಡೂ ಮೇಲೆ ಬಂತು. ಕಾಯಿಸಿ ಆರಿಸಿ ಕುಡಿಸಿರಿ ಎಂಬ ನಮ್ಮ ಸಿದ್ಧ ಸಲಹೆ ಇಲ್ಲಿ ನಡೆಯದು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡು ಹಾಗೇ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಹೆಚ್ಚಿನ ಫ್ಲೋರೈಡಿನಿಂದ ಹಲ್ಲಿಗೆ ಕಲೆ ಬೀಳುವ ಬಗೆಯನ್ನು ತುಸು ಬಿಡಿಸಿ ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಶಾಶ್ವತ ಮುಂಬಾಚಿ ಹಲ್ಲು ಬಾಯಿಗೆ ಬರುವುದು ಏಳನೇ ವರ್ಷದ ಸುಮಾರಿಗಾದರೂ, ಒಸಡಿನೊಳಗೆ ಅದರ ಎನಾಮಲ್ ಕಟ್ಟಲು ಶುರುವಾಗುವುದು ಮಗುವಿನ ಮೂರು-ನಾಲ್ಕನೇ ತಿಂಗಳಿಗೇ. ಮುಂದಿನ ಮೂರು ವರ್ಷ ಅದಕ್ಕೆ ಅತಿ ಸೂಕ್ಷ್ಮ ಕಾಲ. ಆಗ ಮೈಸೇರಿದ ಹೆಚ್ಚುವರಿ ಫ್ಲೋರೈಡು ಎನಾಮಲನ್ನು ಕೆಡಿಸುತ್ತದೆ. ಸುಣ್ಣದಂಥ ಬಿಳಿ ಗೆರೆ, ಹಳದಿ, ಕಂದು, ಕೊನೆಗೆ ಕುಳಿ ಬಿದ್ದ ಹಲ್ಲು. ಎಂಟು ವರ್ಷದ ಹುಡುಗಿಯ ನಗೆಯಲ್ಲಿ ಕಾಣುವ ಕಂದು ಕಲೆ ಅವಳು ಅಂಬೆಗಾಲಿಡುತ್ತಿದ್ದಾಗ ಕುಡಿದ ನೀರಿನದು. ಶಾಲೆಯ ಶಿಬಿರ ಅದನ್ನು ಎಣಿಸಬಹುದು, ತಡೆಯಲಾರದು.

ತಡೆಯಬಲ್ಲವರು ಆ ವಯಸ್ಸಿನಲ್ಲಿ ಮಗುವನ್ನು ಕಾಣುವ ಆಶಾ, ದಾದಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಮಕ್ಕಳ ಡಾಕ್ಟರು. ಎದೆಹಾಲಿನಲ್ಲಿ ಫ್ಲೋರೈಡು ತೀರ ಕಡಿಮೆ, ಅದೇ ಬೋರಿನ ನೀರಲ್ಲಿ ಪುಡಿಹಾಲು ಕಲಸಿದರೆ ಹಾಗಲ್ಲ. ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ ಎಂಬ ಮಾತು ಹುನಗುಂದದಲ್ಲಿ ದಂತರಕ್ಷಣೆಯ ಮಾತೂ ಹೌದು. ಬೆಳಗಿನ ಚಹಾದಲ್ಲಿ ಬಿಸ್ಕತ್ತು ಅದ್ದಿ ಪುಟ್ಟ ಮಗುವಿನ ಬಾಯಿಗಿಡುವ ರೂಢಿಯದು ಎರಡು ಕೇಡು: ಸಕ್ಕರೆ ಒಂದು, ಚಹಾಪುಡಿಯಲ್ಲೇ ಇರುವ ಫ್ಲೋರೈಡು ಇನ್ನೊಂದು. ಜೋಳದ ಊಟ ಮಾಡುವವರ ದೇಹದಲ್ಲಿ ಅಕ್ಕಿ ಉಣ್ಣುವವರಿಗಿಂತ ಹೆಚ್ಚು ಫ್ಲೋರೈಡು ಉಳಿಯುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಎಪ್ಪತ್ತರ ದಶಕದಲ್ಲಿ ಗಮನಿಸಿದ್ದರು. ಹಾಗೆಂದು ರೊಟ್ಟಿ ಬಿಡಿ ಎನ್ನುವುದು ಹುಚ್ಚುತನ, ನೀರು ಬದಲಿಸುವುದೇ ದಾರಿ.

ಅಮೆರಿಕದ ಚರಿತ್ರೆ ಇದಕ್ಕೆ ತಿರುಗುಮುರುಗು. ಕೊಲರಾಡೋದ ಮಕ್ಕಳ ಹಲ್ಲಿನ ಕಂದು ಕಲೆಗಳ ಬೆನ್ನುಹತ್ತಿದ ಫ್ರೆಡರಿಕ್ ಮೆಕೇ ಅವರ ಶೋಧ 1931ರ ಹೊತ್ತಿಗೆ ಫ್ಲೋರೈಡಿಗೆ ಮುಟ್ಟಿತು. ಅದೇ ಫ್ಲೋರೈಡು ಮಿತವಾಗಿದ್ದರೆ ಹುಳುಕು ಕಡಿಮೆ ಎಂದು ತಿಳಿದು 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಬೆರೆಸಿದರು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಶಿಶುಗಳ ದಂತಾಪಾಯವನ್ನು ಮಕ್ಕಳ ಡಾಕ್ಟರೇ ಅಳೆಯಬೇಕೆಂಬ ನೀತಿ ತಂದಿತು. ಆ ನೀತಿಯ ಜೀವಾಳ ನಮಗೂ ಬೇಕು, ಔಷಧದ ಪಟ್ಟಿ ಮಾತ್ರ ಕಣ್ಣುಮುಚ್ಚಿ ಒಪ್ಪುವಂಥದ್ದಲ್ಲ. ನೀರಲ್ಲೇ ಫ್ಲೋರೈಡು ಹೆಚ್ಚಿರುವ ಊರಲ್ಲಿ ಫ್ಲೋರೈಡಿನ ಹನಿ, ಗುಳಿಗೆ ಬರೆಯುವಂತಿಲ್ಲ. ಪೇಸ್ಟನ್ನು ನುಂಗುವ ವಯಸ್ಸಿನ ಮಗುವಿಗೆ ಅಕ್ಕಿಕಾಳಿನಷ್ಟು ಹಚ್ಚುವುದೋ ಬಿಡುವುದೋ ಎಂಬುದನ್ನೂ ಆ ಊರಿನ ನೀರಿನ ವರದಿ ನೋಡಿಯೇ ಹೇಳಬೇಕು.

ಹುಳುಕೂ ಇಲ್ಲದಿಲ್ಲ. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇ. 51.9ರಷ್ಟು ಜನರಿಗೆ ಹುಳುಕು ಕಂಡಿತ್ತು. ಐದಕ್ಕೇ ಅರ್ಧ ಮಕ್ಕಳು ಎಂದರೆ ಶಾಲೆಯ ತನಕ ಕಾಯುವುದರಲ್ಲಿ ಅರ್ಥವೇ ಇಲ್ಲ.

ಕಳೆದ ಎರಡು ದಶಕಗಳಲ್ಲಿ ಕೆಲವು ಬಾಗಿಲು ತೆರೆದಿವೆ. 2008-09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಬಂತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ತಪಾಸಣೆಯ ಪಟ್ಟಿಯಲ್ಲಿ ಹಲ್ಲಿನ ತೊಂದರೆಯನ್ನೂ ಸೇರಿಸಿತು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇದು, ಕಾಗದದ ಮೇಲಾದರೂ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವೂ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ದಂತವೈದ್ಯರೂ ಮಕ್ಕಳ ವೈದ್ಯರೂ ಒಂದೇ ಸಂಸ್ಥೆಯಡಿ, ಒಂದೇ ಊರಲ್ಲಿ ಇರುವ ಅನುಕೂಲ ಎಲ್ಲ ಜಿಲ್ಲೆಗೂ ಇಲ್ಲ.

ಹೊಸ ಯೋಜನೆಯನ್ನೇನೂ ಹುಟ್ಟಿಸಬೇಕಾಗಿಲ್ಲ, ಲಸಿಕೆಯ ವೇಳಾಪಟ್ಟಿಯೇ ಹಲ್ಲಿನ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಬರುವ ಕೂಸಿಗೆ ಹಲ್ಲು ಬಂದಿರುತ್ತದೆ. ಒಂದೂವರೆ ವರ್ಷದ ಬೂಸ್ಟರಿನ ಹೊತ್ತಿಗೆ ಮುಂಬಾಚಿ ಹಲ್ಲಿನ ಬುಡದ ಬಿಳಿ ಗೆರೆ, ಅಂದರೆ ಹುಳುಕಿನ ಮೊದಲ ಗುರುತು, ಬರಿಗಣ್ಣಿಗೇ ಕಾಣುತ್ತದೆ. ಐದರಿಂದ ಆರು ವರ್ಷದೊಳಗಿನ ಡಿಪಿಟಿ ಬೂಸ್ಟರು ಮೊದಲ ಶಾಶ್ವತ ದವಡೆಹಲ್ಲಿನ ಕಾಲದ್ದು. ಈ ಮೂರೂ ಭೇಟಿಗಳಲ್ಲಿ ದಾದಿ ಮಗುವಿನ ಮೇಲ್ದುಟಿ ಎತ್ತಿ ನೋಡಲಿ, ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಇರಲಿ, ಆ ಊರಿನ ಕುಡಿಯುವ ನೀರಿನ ಫ್ಲೋರೈಡ್ ಪ್ರಮಾಣವನ್ನು ಅಂಗನವಾಡಿ ಗೋಡೆಯ ಮೇಲೆ ಬರೆಸಲಿ ಎಂದು ಜಿಲ್ಲಾ ಆರೋಗ್ಯ ಇಲಾಖೆಯನ್ನೂ ಜಿಲ್ಲಾ ಪಂಚಾಯಿತಿಯನ್ನೂ ಕೇಳಿಕೊಳ್ಳುತ್ತೇನೆ.