ಅದೇ ರೆಸ್ಟೋರೆಂಟ್, ಅದೇ ದರ, ಬೇರೆ ಊಟ

1993ರ ಅಕ್ಟೋಬರ್ 29, ಶುಕ್ರವಾರ. ಅಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ರೆಸ್ಟೋರೆಂಟ್ ವಿಮರ್ಶೆಯ ಅಂಕಣ ತೆರೆದವರಿಗೆ ಅಚ್ಚರಿ ಕಾದಿತ್ತು. ರೆಸ್ಟೋರೆಂಟ್ ಒಂದೇ, ವಿಮರ್ಶಕಿ ಒಬ್ಬರೇ. ವಿಮರ್ಶೆ ಮಾತ್ರ ಎರಡು. ಮೊದಲನೆಯದು ಯಾರಿಗೂ ಗೊತ್ತಿಲ್ಲದ ಗಿರಾಕಿಯಾಗಿ ಹೋದಾಗಿನ ಊಟದ ಕತೆ. ಎರಡನೆಯದು ಗುರುತು ಸಿಕ್ಕ ಮೇಲಿನ ಊಟದ ಕತೆ. ಇವೆರಡೂ ಒಂದೇ ಸೂರಿನ ಕೆಳಗೆ ನಡೆದವೇ ಎಂದು ಓದಿದವರು ಅನುಮಾನಪಟ್ಟಿದ್ದರೆ ಅದು ಅವರ ತಪ್ಪಲ್ಲ.

ರೆಸ್ಟೋರೆಂಟಿನ ಹೆಸರು ‘ಲೆ ಸರ್ಕ್’. ಫ್ರೆಂಚ್ ಭಾಷೆಯಲ್ಲಿ ಸರ್ಕಸ್ ಎಂದು ಅರ್ಥ. ಮ್ಯಾನ್‌ಹಟನ್ನಿನ ಶ್ರೀಮಂತ ಬಡಾವಣೆಯಲ್ಲಿ 1974ರಲ್ಲಿ ಇದನ್ನು ತೆರೆದವರು ಸಿರಿಯೊ ಮಚ್ಚೋನಿ. ಇಟಲಿಯ ಟಸ್ಕನಿ ಪ್ರಾಂತ್ಯದವರು. ಯುದ್ಧಕಾಲದಲ್ಲಿ ತಬ್ಬಲಿಯಾದ ಹುಡುಗ, ತಟ್ಟೆ ಹಿಡಿದು ಬಡಿಸುವ ಕೆಲಸದಿಂದ ಬದುಕು ಆರಂಭಿಸಿ ನ್ಯೂಯಾರ್ಕಿಗೆ ಬಂದವರು. ಇಪ್ಪತ್ತು ವರ್ಷಗಳೊಳಗೆ ಅವರ ಮೇಜುಗಳಲ್ಲಿ ಕೂರುವುದೇ ಒಂದು ಅಂತಸ್ತಿನ ಗುರುತಾಗಿತ್ತು. ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅಲ್ಲಿಯ ಗಿರಾಕಿ. ಚಿತ್ರತಾರೆಯರು, ಬ್ಯಾಂಕಿನ ಧಣಿಗಳು, ಪದವಿ ಕಳೆದುಕೊಂಡ ರಾಜಮನೆತನದವರು ಎಲ್ಲ ಬರುತ್ತಿದ್ದರು. ಟೈಮ್ಸ್ ಪತ್ರಿಕೆ ಅದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿತ್ತು. ಐದನೆಯದು ಇಲ್ಲ, ನಾಲ್ಕೇ ಶಿಖರ.

ವಿಮರ್ಶಕಿ ರೂತ್ ರೈಶಲ್. ಲಾಸ್ ಏಂಜಲಿಸ್‌ನಿಂದ ಆ ವರ್ಷವಷ್ಟೇ ಟೈಮ್ಸ್ ಸೇರಿದವರು. ಐದು ತಿಂಗಳ ಅವಧಿಯಲ್ಲಿ ಅವರು ಲೆ ಸರ್ಕ್‌ಗೆ ಐದು ಸಲ ಹೋದರು. ಅಪರಿಚಿತೆಯಾಗಿ ಹೋದ ಸಂಜೆ ಬಾಗಿಲಲ್ಲಿ ಮೊದಲು ಎದುರಾದದ್ದು, ಮೇಜು ಕಾದಿರಿಸಿದ್ದೀರೋ ಎಂಬ ಗದರಿಕೆಯಂಥ ಪ್ರಶ್ನೆ. ಕಾದಿರಿಸಿದ್ದರು. ಆದರೂ ಬಾರ್‌ನಲ್ಲಿ ಅರ್ಧ ಗಂಟೆ ಕೂರಿಸಿದರು. ಜೊತೆಗಿದ್ದ ಗೆಳತಿಯೂ ಅವರೂ ಅಷ್ಟು ಹೊತ್ತು ದುಬಾರಿ ನೀರು ಕುಡಿಯುತ್ತ ಕಾದರು. ಸಿಗರೇಟಿನ ಹೊಗೆ ಇಲ್ಲದ ಕಡೆ ಮೇಜು ಬೇಕೆಂದು ಮೊದಲೇ ಕೇಳಿದ್ದರೂ ಸಿಕ್ಕಿದ್ದು ಹೊಗೆಯ ಮಧ್ಯದ ಮೇಜು. ಬೇರೆ ಇದೆಯೇ ಎಂದರೆ ಉಸ್ತುವಾರಿಯವನು ತುಂಬಿದ ಮೇಜುಗಳ ಕಡೆ ಕೈ ತೋರಿಸಿ ಭುಜ ಹಾರಿಸಿದ.

ಅದಕ್ಕಿಂತ ದೊಡ್ಡ ಅವಮಾನ ಮುಂದಿತ್ತು. ಅವರು ಕೂತ ಮೆತ್ತನೆಯ ಬೆಂಚೇ ವೇಟರುಗಳು ಬಳಸಿದ ಮೆನುಗಳನ್ನು ಎಸೆಯುವ ಜಾಗ. ಪಕ್ಕದಲ್ಲೇ ಬಿದ್ದಿದ್ದ ವೈನ್ ಪಟ್ಟಿಯನ್ನು ಓದುತ್ತಿದ್ದಾಗ ಉಸ್ತುವಾರಿಯವನು ಬಂದು, ಅದು ತನಗೆ ಬೇಕು ಎಂದು ಕೈ ಚಾಚಿದ. ಕೊಟ್ಟರು. ಪಟ್ಟಿ ವಾಪಸ್ ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ನಾಲ್ಕು ನಕ್ಷತ್ರದ ದರ ತೆರಲು ಬಂದ ಗಿರಾಕಿಗೆ ಸಿಕ್ಕ ಉಪಚಾರ ಇದು.

ನಾಲ್ಕನೇ ಭೇಟಿಯಲ್ಲಿ ಊಟ ಮುಗಿಯುವ ಹೊತ್ತಿಗೆ ಮಾಲೀಕರಿಗೆ ಗುರುತು ಸಿಕ್ಕಿತು. ಮೇಜಿನ ಮೇಲಿದ್ದ ಪುಟ್ಟ ಸಿಹಿತಿಂಡಿಗಳ ತಟ್ಟೆ ಸರಕ್ಕನೆ ಮಾಯವಾಗಿ, ಅದಕ್ಕಿಂತ ದೊಡ್ಡದಾದ, ಆಡಂಬರದ ತಟ್ಟೆ ಬಂತು. ಅಲ್ಲಿಂದಾಚೆಗೆ ಎಲ್ಲವೂ ಬದಲಾಯಿತು: ಕೂರುವ ಜಾಗ, ಉಪಚಾರ, ಕೊನೆಗೆ ಬಡಿಸುವ ಪ್ರಮಾಣ ಕೂಡ. ಪರಿಚಿತೆಯಾಗಿ ಹೋದ ಸಂಜೆ ಬಾಗಿಲಲ್ಲಿ ಕಾಯುತ್ತಿದ್ದ ಗುಂಪನ್ನು ಸರಿಸಿ ಮಾಲೀಕರೇ ಎದುರುಗೊಂಡರು. ಸ್ಪೇನಿನ ರಾಜರು ಬಾರ್‌ನಲ್ಲಿ ಕಾಯುತ್ತಿದ್ದಾರೆ, ಆದರೆ ತಮ್ಮ ಮೇಜು ಸಿದ್ಧವಾಗಿದೆ ಎಂದು ಹೇಳಿ ಒಳಗೆ ಕರೆದೊಯ್ದರು. ನ್ಯೂಯಾರ್ಕಿನಲ್ಲಿ ಈ ಒಂದು ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಲೆ ಸರ್ಕ್ ಒಂದು ನಕ್ಷತ್ರ ಕಳೆದುಕೊಂಡಿತು.

ದುಡ್ಡಿದ್ದವರ ಹೋಟೆಲಿನಲ್ಲಿ ದೊಡ್ಡವರಿಗೆ ಮರ್ಯಾದೆ ಹೆಚ್ಚು. ಇದರಲ್ಲಿ ಹೊಸದೇನು ಎಂದು ಕೇಳಬಹುದು. ಹೊಸದೇನೂ ಇಲ್ಲ. ಆದರೆ ರೆಸ್ಟೋರೆಂಟ್ ಎಂಬುದು ಹುಟ್ಟಿದ್ದು ಇಂಥ ತಾರತಮ್ಯದಿಂದ ಪಾರು ಮಾಡುವ ಭರವಸೆಯೊಂದಿಗೆ ಎಂಬುದನ್ನು ನೆನೆದರೆ ಆ ಸಂಜೆಯ ನಿರಾಸೆಗೆ ಬೇರೆಯೇ ತೂಕ ಬರುತ್ತದೆ.

ಹದಿನೆಂಟನೇ ಶತಮಾನದ ಪ್ಯಾರಿಸ್. ಪರಸ್ಥಳದವರು ಊಟಕ್ಕೆ ಹೋಗಬೇಕಾಗಿದ್ದುದು ಛತ್ರದಂಥ ಊಟದ ಮನೆಗಳಿಗೆ. ಒಂದೇ ಉದ್ದ ಮೇಜು, ಗೊತ್ತಾದ ಒಂದೇ ಹೊತ್ತು, ಎಲ್ಲರಿಗೂ ಒಂದೇ ದರ. ತಡವಾಗಿ ಬಂದರೆ ಇಲ್ಲ; ಇದ್ದದ್ದನ್ನೇ ಉಣ್ಣಬೇಕು. ಕೇಳಲು ಸಮಾನತೆಯ ಹಾಗೆ ಕಾಣುತ್ತದೆ. ನಿಜಸಂಗತಿ ಬೇರೆ. 1780ರ ದಶಕದಲ್ಲಿ ಆ ನಗರದ ಜನಜೀವನವನ್ನು ಸಂಪುಟಗಟ್ಟಲೆ ಬರೆದಿಟ್ಟ ಲೂಯಿ ಸೆಬಾಸ್ಟಿಯನ್ ಮೆರ್ಸಿಯೆ ಅದನ್ನು ದಾಖಲಿಸಿದ್ದಾನೆ. ಮೇಜಿನ ನಡುಭಾಗ, ಅಂದರೆ ಮುಖ್ಯ ಭಕ್ಷ್ಯಗಳ ಪಾತ್ರೆ ಇಡುವ ಜಾಗ, ಖಾಯಂ ಗಿರಾಕಿಗಳ ವಶ. ಅವರ ದವಡೆಗೆ ಬಿಡುವೇ ಇಲ್ಲ. ತುದಿಯಲ್ಲಿ ಕೂತ ಹೊಸಬನ ತನಕ ಪಾತ್ರೆ ಬರುವಷ್ಟರಲ್ಲಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ದುಡ್ಡು ಮಾತ್ರ ಪೂರಾ ಕೊಡಬೇಕು. ಮದುವೆಮನೆಯ ಕೊನೆಯ ಪಂಕ್ತಿಯಲ್ಲಿ ಕೂತು ಬರೀ ಸಾರನ್ನ ಉಂಡು ಎದ್ದವರಿಗೆ ಈ ಹೊಸಬನ ಹೊಟ್ಟೆಯ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ರೆಸ್ಟೋರೆಂಟ್ ಎಂಬ ಪದಕ್ಕೆ ಮೊದಲಿದ್ದ ಅರ್ಥ ಅಂಗಡಿಯಲ್ಲ, ಸಾರು. ಸೋತ ದೇಹಕ್ಕೆ ಕಸುವು ತುಂಬುವ, ಮಾಂಸ ಬೇಯಿಸಿ ಇಳಿಸಿದ ಗಟ್ಟಿ ಸಾರು. ಅದನ್ನು ಮಾರುವ ಮನೆಗಳು 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ತಲೆಯೆತ್ತಿದವು. ಮ್ಯಾಥುರಿನ್ ರೋಜ್ ದ ಶಾಂತ್ವಾಜೊ ಎಂಬಾತ 1766ರಲ್ಲಿ ಇಂಥದೊಂದನ್ನು ತೆರೆದನೆಂದು ಇತಿಹಾಸಕಾರ್ತಿ ರೆಬೆಕಾ ಸ್ಪಾಂಗ್ ಗುರುತಿಸಿದ್ದಾರೆ. ಆರೋಗ್ಯದ ನೆಪದಲ್ಲಿ ಶುರುವಾದ ಈ ಮನೆಗಳು ಒಂದು ಹೊಸ ಪದ್ಧತಿ ತಂದವು. ಬಂದವರಿಗೆ ಪ್ರತ್ಯೇಕ ಮೇಜು. ಬೇಕಾದ ಹೊತ್ತಿಗೆ ಊಟ. ಬೇಕಾದ ಪದಾರ್ಥವನ್ನು ಪಟ್ಟಿಯಿಂದ ಆರಿಸಿಕೊಳ್ಳಬಹುದು. ಪ್ರತಿಯೊಂದರ ಮುಂದೂ ಅದರ ಬೆಲೆ. ನಮ್ಮ ಹೋಟೆಲುಗಳ ಗೋಡೆಯ ಮೇಲಿನ ದರಪಟ್ಟಿಯ ಹಲಗೆಯನ್ನು ಯಾರೂ ಕ್ರಾಂತಿ ಎಂದು ಭಾವಿಸುವುದಿಲ್ಲ. ಅಂದಿನ ಪ್ಯಾರಿಸ್ಸಿನ ಹೊಸಬನಿಗೆ ಅದು ಹೆಚ್ಚುಕಡಿಮೆ ಹಾಗೆಯೇ ಇತ್ತು. ಬರೆದಿರುವ ಬೆಲೆ ಕೊಟ್ಟರೆ ಬರೆದಿರುವ ಪದಾರ್ಥ ಸಿಗುತ್ತದೆ. ಯಾರ ಮಗ, ಎಲ್ಲಿಯವನು ಎಂದು ಯಾರೂ ಕೇಳುವುದಿಲ್ಲ. ಕಿಸೆಯಲ್ಲಿ ದುಡ್ಡಿಲ್ಲದವರು ಈ ಸಮಾನತೆಯ ಹೊರಗೇ ಉಳಿದರೆಂಬುದು ಬೇರೆ ಮಾತು.

ಭರವಸೆಯಲ್ಲಿ ಬಿರುಕು ಬೀಳಲು ಬಹಳ ಕಾಲ ಹಿಡಿಯಲಿಲ್ಲ. 1780ರ ದಶಕದಲ್ಲೇ ಆಂತ್ವಾನ್ ಬೋವಿಲಿಯೆ ಪ್ಯಾರಿಸ್ಸಿನಲ್ಲಿ ಭರ್ಜರಿ ರೆಸ್ಟೋರೆಂಟ್ ತೆರೆದ. ನ್ಯಾಯಾಧೀಶನೂ ಭೋಜನಪ್ರಿಯನೂ ಆಗಿದ್ದ ಬ್ರಿಯಾ ಸವಾರೆ 1825ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಈತನ ಚಿತ್ರ ಬಿಡಿಸಿದ್ದಾನೆ. ಒಂದೆರಡು ಸಲ ಉಂಡು ಹೋದವರನ್ನು ಬೋವಿಲಿಯೆ ಇಪ್ಪತ್ತು ವರ್ಷಗಳ ಮೇಲೂ ಗುರುತು ಹಿಡಿಯುತ್ತಿದ್ದನಂತೆ. ಶ್ರೀಮಂತರ ಗುಂಪು ಬಂದರೆ ತಾನೇ ಮೇಜಿನ ಬಳಿ ಬರುವನು. ಇದು ಬೇಡ, ಅದನ್ನು ಬಿಡಬೇಡಿ ಎನ್ನುವನು. ಯಾರೂ ಕೇಳದ ಮೂರನೆಯದೊಂದನ್ನು ತಾನೇ ತರಿಸುವನು. ಬೀಗದ ಕೈ ತನ್ನೊಬ್ಬನ ಬಳಿಯೇ ಇರುವ ನೆಲಮಾಳಿಗೆಯಿಂದ ವೈನ್ ಹೊರಬರುವುದು. ಎಲ್ಲವೂ ಮನೆಯ ಯಜಮಾನ ನೆಂಟರಿಗೆ ಮಾಡುವ ಉಪಚಾರದ ಹಾಗೆ! ಆಮೇಲೆ ಆತ ಮಾಯ. ಬಿಲ್ಲು ಬಂದಾಗಲೇ ಉಂಡವರಿಗೆ ತಾವು ನೆಂಟರ ಮನೆಯಲ್ಲಿಲ್ಲ ಎಂಬುದು ನೆನಪಾಗುತ್ತಿತ್ತು. ಇನ್ನೂರು ವರ್ಷಗಳ ಅನಂತರದ ಮಚ್ಚೋನಿಯನ್ನು ಬಲ್ಲವರಿಗೆ ಈ ಚಿತ್ರ ಎಲ್ಲೋ ನೋಡಿದಂತೆ ಅನ್ನಿಸದೆ ಇರದು.

ಹೊಸಬನ ಪರವಾಗಿ ಮೊದಲೇ ಹೋಗಿ ರುಚಿ ನೋಡಿ ಹೇಳುವವರು ಬೇಕಾದರು. 1803ರಲ್ಲಿ ಪ್ಯಾರಿಸ್ಸಿನ ಗ್ರಿಮೊ ದ ಲಾ ರೆನಿಯೆರ್ ಆಹಾರ ಪಂಚಾಂಗವೊಂದನ್ನು ಹೊರತಂದ. ಆದರೆ ಆತ ರುಚಿ ನೋಡುತ್ತಿದ್ದುದು ವ್ಯಾಪಾರಿಗಳೇ ಕಳಿಸಿಕೊಟ್ಟ ಮಾದರಿಗಳನ್ನು. ಈ ಮುಲಾಜನ್ನು ಕಡಿದು ಹಾಕಿದವರಲ್ಲಿ ಪ್ರಮುಖರು ಟೈಮ್ಸ್ ಪತ್ರಿಕೆಯ ಕ್ರೇಗ್ ಕ್ಲೇಬೋರ್ನ್. 1957ರಲ್ಲಿ ಅಲ್ಲಿ ಆಹಾರ ವಿಭಾಗದ ಸಂಪಾದಕರಾದ ಅವರು 1960ರ ದಶಕದಲ್ಲಿ ಕಟ್ಟುನಿಟ್ಟಿನ ನಿಯಮ ರೂಢಿಗೆ ತಂದರು. ಮುನ್ಸೂಚನೆ ಕೊಡದೆ ಹೋಗಬೇಕು, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕು, ಬಿಲ್ಲನ್ನು ಪತ್ರಿಕೆಯೇ ಕೊಡಬೇಕು. ನಕ್ಷತ್ರಗಳ ಲೆಕ್ಕ ಶುರುವಾದದ್ದೂ ಅವರ ಕಾಲದಲ್ಲೇ.

ಅದೇ ಕ್ಲೇಬೋರ್ನ್ 1975ರಲ್ಲಿ ಪೇಚಿಗೆ ಸಿಕ್ಕಿದ್ದೂ ಒಂದು ಊಟದಿಂದಲೇ. ಟೆಲಿವಿಷನ್ ಚಾನೆಲ್ಲೊಂದರ ನಿಧಿಸಂಗ್ರಹದ ಹರಾಜಿನಲ್ಲಿ 300 ಡಾಲರ್ ಕೂಗಿ ಅವರು ಇಬ್ಬರ ಊಟ ಗೆದ್ದರು. ಎಲ್ಲಿ ಬೇಕಾದರೂ ಉಣ್ಣಬಹುದು, ಬಿಲ್ಲಿಗೆ ಮಿತಿಯಿಲ್ಲ, ಹಣ ಕ್ರೆಡಿಟ್ ಕಾರ್ಡ್ ಕಂಪನಿಯದು. ಗೆಳೆಯ ಪಿಯೆರ್ ಫ್ರಾನೆ ಜೊತೆ ಪ್ಯಾರಿಸ್ಸಿನ ಪುಟ್ಟ ರೆಸ್ಟೋರೆಂಟೊಂದರಲ್ಲಿ ಕೂತು 31 ಬಗೆ ಭಕ್ಷ್ಯ, ಒಂಬತ್ತು ಬಗೆ ವೈನ್ ಸವಿದರು. 1835ರ ಮಡೀರಾ ಕೂಡ ಅದರಲ್ಲಿತ್ತು. ಬಿಲ್ಲು 4,000 ಡಾಲರ್. ಆಗಿನ ವಿನಿಮಯ ದರದಲ್ಲಿ ಮೂವತ್ತು ಸಾವಿರ ರೂಪಾಯಿಗೂ ಮೀರಿದ ಮೊತ್ತ. ನವೆಂಬರ್ 14ರ ಟೈಮ್ಸ್‌ನ ಮುಖಪುಟದಲ್ಲಿ ಅವರು ಇದನ್ನೆಲ್ಲ ವರದಿ ಮಾಡಿ, ಲಾಬ್‌ಸ್ಟರ್ ಅಗಿಯಲು ಗಟ್ಟಿಯಾಗಿತ್ತು, ಕೆಲವು ಭಕ್ಷ್ಯಗಳ ಅಲಂಕಾರ ಸಪ್ಪೆಯಾಗಿತ್ತು ಎಂದು ಕೊರತೆಗಳನ್ನೂ ಬರೆದರು. ಓದುಗರು ಕೆರಳಿದರು. ನೂರಾರು ಪತ್ರಗಳು ಬಂದವು; ವ್ಯಾಟಿಕನ್‌ನಿಂದಲೂ ಖಂಡನೆ ಬಂತು. ಹಸಿದ ಜಗತ್ತಿನಲ್ಲಿ ಇಷ್ಟು ಖರ್ಚು ಮಾಡಿ ಉಂಡು, ಮೇಲೆ ಗೊಣಗುವುದೇ ಎಂಬುದು ಜನರ ಸಿಟ್ಟು.

1993ರಲ್ಲಿ ಹಾಗಾಗಲಿಲ್ಲ. ದುಬಾರಿ ಊಟದ ನಿರಾಸೆಯನ್ನು ಓದಿದ ಜನ ಈ ಸಲ ವಿಮರ್ಶಕಿಯ ಪಕ್ಷ ವಹಿಸಿದರು. ಕಾರಣ ಸ್ಪಷ್ಟ. ಕ್ಲೇಬೋರ್ನ್ ಉಂಡದ್ದು ಯಾರೂ ಉಣ್ಣಲಾಗದ ಊಟ. ರೈಶಲ್ ಉಂಡದ್ದು, ವರ್ಷಕ್ಕೊಮ್ಮೆ ಮದುವೆಯ ದಿನಕ್ಕೋ ಹುಟ್ಟುಹಬ್ಬಕ್ಕೋ ದುಡ್ಡು ಕೂಡಿಟ್ಟುಕೊಂಡು ಹೋಗುವವರ ಊಟ. ಮೂಲೆಯ ಮೇಜಿನಲ್ಲಿ ಮುದುಡಿ ಕೂತು, ತಪ್ಪು ತಮ್ಮದೇ ಇರಬೇಕು, ತಮ್ಮ ಬಟ್ಟೆಯದೋ ಮಾತಿನದೋ ಇರಬೇಕು ಎಂದುಕೊಂಡು ಸುಮ್ಮನೆ ಬಿಲ್ಲು ಕೊಟ್ಟು ಬಂದವರಿಗೆ, ಅಡ್ಡಿಯಾದದ್ದು ಏನೆಂದು ಪತ್ರಿಕೆ ಅಚ್ಚು ಹಾಕಿ ತಿಳಿಸಿತ್ತು.

ಅಪರಿಚಿತೆಯಾಗಿ ಉಳಿಯಲು ರೈಶಲ್ ಪಟ್ಟ ಪಾಡು 2005ರಲ್ಲಿ ಬಂದ ಅವರ ನೆನಪುಗಳ ಪುಸ್ತಕದಲ್ಲಿದೆ. ಕೆಲಸಕ್ಕೆ ಸೇರುವ ಮೊದಲೇ ನಗರದ ರೆಸ್ಟೋರೆಂಟುಗಳ ಅಡುಗೆಮನೆಗಳಲ್ಲಿ ಅವರ ಫೋಟೊ ಅಂಟಿಸಲಾಗಿತ್ತಂತೆ. ವಿಮಾನದಲ್ಲಿ ಪಕ್ಕದಲ್ಲಿ ಕೂತ ಪರಿಚಾರಿಕೆಯೊಬ್ಬಳು ಇದನ್ನು ತಿಳಿಸಿದಳು. ಅಮ್ಮನ ಗೆಳತಿಯಾಗಿದ್ದ ನಟನಾ ಶಿಕ್ಷಕಿಯ ಮೊರೆಹೊಕ್ಕು, ವಿಗ್ ಧರಿಸಿ, ಮಾಲಿ ಎಂಬ ಹೆಸರಿನ ಮಿಷಿಗನ್ ರಾಜ್ಯದ ಶಾಲಾ ಉಪಾಧ್ಯಾಯಿನಿಯ ವೇಷ ಕಟ್ಟಿ ಅವರು ಲೆ ಸರ್ಕ್ ಮೆಟ್ಟಿಲು ಹತ್ತಿದರು. ಹಿಂದಿನ ಕಾಲದ ದೊರೆಗಳು ಮಾರುವೇಷ ತೊಟ್ಟು ಊರು ಸುತ್ತಿದ ಕತೆಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಮಚ್ಚೋನಿಯ ಕಡೆಗೂ ಒಂದು ವಾದವಿದೆ. ವಾರಕ್ಕೆ ಮೂರು ಸಲ ಬಂದು ವರ್ಷವಿಡೀ ಗಲ್ಲಾ ತುಂಬುವವನನ್ನೂ ಜೀವಮಾನಕ್ಕೊಮ್ಮೆ ಬರುವವನನ್ನೂ ವ್ಯಾಪಾರಿ ಒಂದೇ ಸಮ ನೋಡಬೇಕೆಂದರೆ ಹೇಗೆ? ಮುಖ ನೆನಪಿಟ್ಟುಕೊಳ್ಳುವುದೇ ಆ ವೃತ್ತಿಯ ಬಂಡವಾಳ. ನಮ್ಮ ಬೀದಿ ಕೊನೆಯ ಹೋಟೆಲಿನಲ್ಲೂ ಖಾಯಂ ಗಿರಾಕಿಯ ಕಾಫಿ ಕೇಳುವ ಮೊದಲೇ ಬರುತ್ತದೆ. ಅದನ್ನು ಕಂಡು ಯಾರೂ ಅಸೂಯೆ ಪಡುವುದಿಲ್ಲ. ಆದರೆ ಹೊಸಬನ ಲೋಟದಲ್ಲಿ ಕಾಫಿ ಕಮ್ಮಿ ಹಾಕಿ ಅಷ್ಟೇ ದುಡ್ಡು ಕಿತ್ತರೆ ಜಗಳವಾಗುತ್ತದೆ. ಲೆ ಸರ್ಕ್‌ನಲ್ಲಿ ನಡೆದದ್ದು ಈ ಎರಡನೆಯದು.

ಮಚ್ಚೋನಿ ಅಲ್ಲಿಗೆ ಸೋಲಲಿಲ್ಲ. 1997ರಲ್ಲಿ ಬೇರೆ ಜಾಗದಲ್ಲಿ ‘ಲೆ ಸರ್ಕ್ 2000’ ತೆರೆದಾಗ ಕಳೆದುಹೋದ ನಕ್ಷತ್ರವನ್ನು ಮರಳಿ ಕೊಟ್ಟವರೂ ರೈಶಲ್ಲರೇ. 2006ರಲ್ಲಿ ರೆಸ್ಟೋರೆಂಟ್ ಮತ್ತೆ ಮನೆ ಬದಲಿಸಿತು. 2012ರಲ್ಲಿ ಟೈಮ್ಸ್‌ನ ಇನ್ನೊಬ್ಬ ವಿಮರ್ಶಕ ಪೀಟ್ ವೆಲ್ಸ್ ಅದಕ್ಕೆ ಕೊಟ್ಟದ್ದು ಒಂದೇ ನಕ್ಷತ್ರ. 2017ರ ಕೊನೆಗೆ ಬಾಗಿಲು ಮುಚ್ಚಿತು. ಮಚ್ಚೋನಿ 2020ರಲ್ಲಿ ಇಟಲಿಯ ತಮ್ಮ ಊರಿನಲ್ಲಿ 88ನೇ ವಯಸ್ಸಿಗೆ ತೀರಿಕೊಂಡರು.

ಮಾರುವೇಷದ ಕಾಲವೂ ಮುಗಿಯುತ್ತ ಬಂದಿದೆ. 2025ರಲ್ಲಿ ಟೈಮ್ಸ್ ನೇಮಿಸಿದ ಇಬ್ಬರು ಹೊಸ ಮುಖ್ಯ ವಿಮರ್ಶಕಿಯರು ತಮ್ಮ ಮುಖ ತೋರಿಸಿಕೊಂಡೇ ಕೆಲಸ ಆರಂಭಿಸಿದರು. ಇತ್ತ ಅಡುಗೆಮನೆಯ ಗೋಡೆಗೆ ಫೋಟೊ ಅಂಟಿಸುವ ಕಷ್ಟವೂ ತಪ್ಪಿದೆ. ಮೇಜು ಕಾದಿರಿಸುವ ಕಂಪ್ಯೂಟರ್ ವ್ಯವಸ್ಥೆಗಳು 1998ರಿಂದೀಚೆಗೆ ಬಂದ ಮೇಲೆ, ಗಿರಾಕಿಯ ಹೆಸರಿನ ಮುಂದೆ ಆತ ಎಷ್ಟು ಸಲ ಬಂದ, ಏನು ತಿಂದ ಎಂಬ ಟಿಪ್ಪಣಿ ಬರೆದಿಡಬಹುದಾಗಿದೆ. ಗಣ್ಯರ ಹೆಸರಿನ ಪಕ್ಕದಲ್ಲಿ ಪಿ.ಎಕ್ಸ್. ಎಂಬ ಎರಡಕ್ಷರ ಬರೆಯುವುದು ದೊಡ್ಡ ರೆಸ್ಟೋರೆಂಟುಗಳ ಹಳೆಯ ರೂಢಿ. ‘ಅಸಾಧಾರಣ ವ್ಯಕ್ತಿ’ ಎಂಬ ಫ್ರೆಂಚ್ ಮಾತಿನ ಸಂಕ್ಷೇಪ ಅದು. ಉಳಿದವರ ಹೆಸರಿನ ಪಕ್ಕ ಖಾಲಿ ಇರುತ್ತದೆ.