ಕಿವಿಯಿಂದಲೇ ಕಾರು ಓಡಿಸುವವರು

ಕಣ್ಣು ಕಾಣದವರು ವಿಡಿಯೋ ಗೇಮ್ ಆಡುತ್ತಾರೆ ಅಂದರೆ ನಮ್ಮ ಕಡೆ ನಂಬುವವರು ಕಡಿಮೆ. ಅಂಧರ ಕ್ರಿಕೆಟ್ ನೋಡಿದವರು ಮಾತ್ರ ಅನುಮಾನ ಪಡಲಾರರು. ಗಲಗಲ ಸದ್ದು ಮಾಡುವ ಚೆಂಡನ್ನು ಕಿವಿಯಿಂದಲೇ ಗುರುತಿಸಿ ಹೊಡೆಯುವ ಆ ಆಟದಲ್ಲಿ ಭಾರತ 2012ರ ಟಿ-20 ವಿಶ್ವಕಪ್ ಗೆದ್ದಿತು, ಅದೂ ಬೆಂಗಳೂರಿನಲ್ಲಿ. ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಗೇಮ್ ಮಾಡುವವರು ಹಿಡಿದ ದಾರಿಯೂ ಅದೇ: ಕಾಣಬೇಕಾದ್ದನ್ನು ಕೇಳಿಸುವುದು.

ಜಪಾನಿನ ಕೆಂಜಿ ಎನೋ ಅವರಿಗೆ ಅಂಧ ಆಟಗಾರರಿಂದ ಪತ್ರಗಳು ಬರುತ್ತಿದ್ದವು. ಎನೋ ಓದಿ ಬದಿಗಿಡಲಿಲ್ಲ. ಅವರಿದ್ದಲ್ಲಿಗೇ ಹೋಗಿ, ಹೇಗೆ ಆಡುತ್ತಾರೆಂದು ನೋಡಿ ಬಂದರು. 1997ರಲ್ಲಿ 'ರಿಯಲ್ ಸೌಂಡ್' ಹೊರಬಂತು. ಪರದೆ ಮೇಲೆ ಚಿತ್ರವೇ ಇಲ್ಲ, ಕಥೆಯೆಲ್ಲ ಕಿವಿಗೆ. ಆ ಗೇಮ್ ಸೆಗಾ ಕಂಪನಿಯ ಯಂತ್ರಕ್ಕೆ ಬೇಕಿದ್ದರೆ 1000 ಯಂತ್ರಗಳನ್ನು ಅಂಧರಿಗೆ ದಾನ ಕೊಡಬೇಕು, ಜೊತೆಗೆ 1000 ಗೇಮ್ ತಾನು ಕೊಡುತ್ತೇನೆ ಎಂದು ಎನೋ ಷರತ್ತು ಹಾಕಿದ್ದರು. ವ್ಯಾಪಾರದಲ್ಲಿ ಇಂಥ ಷರತ್ತು ನಾವು ಕೇಳಿದ್ದು ಅಪರೂಪ.

ಕಥೆಯಾದರೆ ಆಟಗಾರನಿಗಾಗಿ ಕಾಯುತ್ತದೆ, ಓಡುವ ಕಾರು ಕಾಯುವುದಿಲ್ಲ. ನಿಜವಾದ ವಾಹನ ಓಡಿಸಿದಂತೆ ಅನಿಸುವ ಸಿಮ್ಯುಲೇಶನ್ ಗೇಮ್ ಕಷ್ಟವಾಗುವುದು ಇಲ್ಲೇ. ಜಿಎಂಎ ಗೇಮ್ಸ್ ಎಂಬ ಸಣ್ಣ ಸಂಸ್ಥೆ 'ಲೋನ್ ವುಲ್ಫ್' ಹೆಸರಿನ ಜಲಾಂತರ್ಗಾಮಿ ಗೇಮ್ ಮಾಡಿತು. ಜಾಣತನದ ಆಯ್ಕೆ ಅನ್ನಬೇಕು. ನೀರಿನಡಿ ಹೋಗುವ ಹಡಗಿನವರು ಕಣ್ಣಿದ್ದರೂ ಸದ್ದನ್ನೇ ನಂಬಬೇಕಲ್ಲ!

ದೊಡ್ಡ ಕಂಪನಿಗಳು ಎಚ್ಚೆತ್ತದ್ದು ತಡವಾಗಿ. ಮೈಕ್ರೋಸಾಫ್ಟ್‌ನ ಕಾರ್ ರೇಸ್ 'ಫೋರ್ಜಾ ಮೋಟಾರ್‌ಸ್ಪೋರ್ಟ್' 2023ರ ಅಕ್ಟೋಬರಿನಲ್ಲಿ ಬಂತು. ಅದರ ಶಬ್ದ ಸೂಚನೆಗಳನ್ನು ರೂಪಿಸುವಾಗ ಅಮೆರಿಕದ ಅಂಧ ಆಟಗಾರ ಬ್ರ್ಯಾಂಡನ್ ಕೋಲ್ ತಂಡದ ಜೊತೆಗಿದ್ದರು. ಕಾರು ರಸ್ತೆಯ ಅಂಚಿಗೆ ಸರಿದರೆ ಆ ಬದಿಯ ಕಿವಿಗೆ ಸದ್ದು. ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂಬುದಕ್ಕೆ ಬೇರೆ ಸದ್ದು, ಬ್ರೇಕ್ ಒತ್ತುವ ಹೊತ್ತಿಗೆ ಇನ್ನೊಂದು, ಗೇರ್ ಬದಲಿಸಲು ಮತ್ತೊಂದು. ಒಂದೊಂದನ್ನೂ ತಮಗೆ ಬೇಕಾದಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಮೊದಲಿಗೆ ಗದ್ದಲ ಅನಿಸಿದರೂ ಕಿವಿ ಪಳಗಿದರೆ ರಸ್ತೆ ಬಿಡಿಸಿಕೊಳ್ಳುತ್ತದೆ. ಕೋಲ್ 2024ರಲ್ಲಿ ತೀರಿಕೊಂಡರು.

ಫೋರ್ಜಾ ಆಡಲು ಎಕ್ಸ್‌ಬಾಕ್ಸ್ ಅಥವಾ ಒಳ್ಳೆಯ ಕಂಪ್ಯೂಟರ್ ಬೇಕು, ಹಳ್ಳಿ ಮನೆಗೆ ಅದು ದುಬಾರಿ. ಫ್ರಾನ್ಸ್‌ನವರು 2015ರಲ್ಲಿ ತಂದ 'ಎ ಬ್ಲೈಂಡ್ ಲೆಜೆಂಡ್' ಎಂಬ ಕತ್ತಿವರಸೆಯ ಸಾಹಸ ಗೇಮ್ ಫೋನಿಗೂ ಬಂತು. ಅದಕ್ಕೆ ಹೆಡ್‌ಫೋನ್ ಸಾಕು. ಆದರೆ ಅದು ಕನ್ನಡ ಮಾತಾಡುವುದಿಲ್ಲ.